ಉಬ್ರಾಣಿ ಗುಲಾಬಿಯ ಏಳು ಜನ್ಮ

ಗಿಡ ಬೆಳೆಸಲಾರದವಳು ಬಿಸಿಲು ಡೊಂಕು ಅಂದಳಂತೆ. ಗಾದೆ ಹೀಗಿಲ್ಲ ಎಂದು ಮೂಗು ಮುರಿಯಬೇಡಿ. ಗಾದೆ ಸುಳ್ಳಾದರೂ ಈ ಕಥೆ ಸುಳ್ಳಾಗದು.

ಅಂದವಳು ಸಂಧ್ಯಾರಾಣಿ. ಚನ್ನಗಿರಿ ಕಡೆಯ ಉಬ್ರಾಣಿಯಿಂದ ಬ್ಯಾಂಕ್ ಕೆಲಸಕ್ಕೆ ಜಗಳೂರಿಗೆ ಬಂದು, ಭೀಮಕ್ಕನ ಮನೆಯ ಮುಂದಿನ ಪೋರ್ಷನ್ನಿನಲ್ಲಿ ಬಾಡಿಗೆಗಿದ್ದಳು. ಅನ್ನಿಸಿಕೊಂಡವನು ಭೀಮಕ್ಕನ ಮಗ ಕೆಂಚೇಶ್. ನರ್ಸರಿ ಇಟ್ಟವನು, ನಿತ್ಯಪುಷ್ಪ, ಕನಕಾಂಬರ, ಟೇಬಲ್ ರೋಸ್ ಬಿಟ್ಟರೆ ಬೇರೆ ಯಾವುದನ್ನೂ ಹೂವೆಂದು ಒಪ್ಪದವನು. ಬುಡಕ್ಕೆ ಒಣಹುಲ್ಲು ಹೊದ್ದು, ಸಂಜೆ ಒಂದು ಚೊಂಬು ನೀರು ಕುಡಿದು, ಯುಗಾದಿಯಿಂದ ಶ್ರಾವಣದವರೆಗೆ ಬಿಡುವಿಲ್ಲದೆ ಅರಳುವ ಗಿಡಗಳು ಅವು. ಸಂಧ್ಯಾರಾಣಿ ಮೊದಲ ದಿನವೇ ಅವುಗಳನ್ನು ನೋಡಿ, ಇವು ಹೂವೋ ಕಳೆಯೋ ಎಂದು ಕೇಳಿದಳು.

ಕೆಂಚೇಶನೂ ಬಿಡಲಿಲ್ಲ. ಅವಳು ಊರಿಂದ ಹೊತ್ತು ತಂದ ಗುಲಾಬಿ ಕುಂಡವನ್ನು ಸುತ್ತು ಹಾಕಿ, ಮಹಾರಾಣಿಯವರಿಗೆ ಕೊಡೆ ಹಿಡಿಯೋರು ಯಾರು, ಬೀಸಣಿಗೆ ಬೀಸೋರು ಯಾರು ಎಂದು ಅವಳದೇ ರಾಗದಲ್ಲಿ ಅಣಕಿಸಿದ. ಅವಳ ಹುಬ್ಬು ಮೇಲೇರಿತು. ಎಡಗಡೆಯದು ಮಾತ್ರ. ಆ ಒಂಟಿ ಹುಬ್ಬಿನ ತಿರಸ್ಕಾರ ಅವನಿಗೆ ಯಾಕೋ ದಿನವೂ ಬೇಕೆನಿಸತೊಡಗಿತು.

"ಈ ಗುಲಾಬಿ ಒಣಗಿದ ದಿನಾನೇ ಟ್ರಾನ್ಸ್‌ಫರ್‌ಗೆ ಬರೀತೀನಿ. ಗಿಡ ಬಾಳದ ಊರಾಗೆ ಮನುಷ್ಯರು ಹೆಂಗೆ ಬಾಳ್ತಾರ್ರೀ?" ಎಂದಳು.

ಏಪ್ರಿಲ್ ನಡುವೆ ಒಂದು ಶನಿವಾರ ಅವಳು ಊರಿಗೆ ಹೋದಳು. ಭಾನುವಾರದ ಹೊತ್ತಿಗೆ ಗುಲಾಬಿ ಸುಟ್ಟ ಹಪ್ಪಳ. ಗುಲಾಬಿ ಕೊಂಡವರಿಗೆಲ್ಲ ಛೀಮಾರಿ ಹಾಕುತ್ತಿದ್ದ ಕೆಂಚೇಶ್, ಗುರುತು ಸಿಗದಂತೆ ಮುಖಕ್ಕೆ ಟವೆಲ್ ಸುತ್ತಿಕೊಂಡು ದಾವಣಗೆರೆ ಬಸ್ಸು ಹತ್ತಿದ. ಅದೇ ಬಣ್ಣ, ಅದೇ ಎತ್ತರದ ಗಿಡವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದು ಅವಳ ಕುಂಡಕ್ಕೆ ಇಳಿಸಿದ. ಸತ್ತದ್ದನ್ನು, ಚಿಗುರಿದರೆ ಚಿಗುರಲಿ ಎಂದು ಹಿತ್ತಲಲ್ಲಿ ನೆಟ್ಟ.

ಅಂದು ಸಂಜೆ ಊರಿಂದ ಬಂದ ಸಂಧ್ಯಾರಾಣಿ ಗಿಡವನ್ನೂ ಅವನನ್ನೂ ಸರದಿಯಲ್ಲಿ ನೋಡಿ, ನರ್ಸರಿಯವರು ಬಂದು ಕಲಿತುಕೊಳ್ಳಬಹುದು ಎಂದಳು. ಅವನು ತಲೆ ತಗ್ಗಿಸಿ ಒಪ್ಪಿಕೊಂಡ. ಅವಳು ವಾರವಾರವೂ ಊರಿಗೆ ಹೋಗುತ್ತಿದ್ದಳು; ಹೀಗೆ ಒಂದಲ್ಲ, ಐದು ಭಾನುವಾರ ನಡೆಯಿತು. ಅವಳ ಜಂಬ ಮಾತ್ರ ಬಿಸಿಲಿಗೆ ಬಾಡಲಿಲ್ಲ.

ಆರನೇ ಭಾನುವಾರ ಅವಳು ಸಂಜೆಯ ಬದಲು ಮಧ್ಯಾಹ್ನವೇ ಬಂದಳು. ಹಿತ್ತಲಿನಿಂದ ಅವಳದೇ ದನಿ ಕೇಳಿಸುತ್ತಿತ್ತು. ಇಣುಕಿದರೆ ಸಾಲಾಗಿ ಆರು ಒಣಕಡ್ಡಿ. ಎದುರಿಗೆ ಕುಕ್ಕರಗಾಲಲ್ಲಿ ಕೂತ ಕೆಂಚೇಶ್.

"ನೀವೂ ಹೂವೇನ್ರೀ? ಆರು ಜನ ಸೇರಿ ಒಂದು ಬೇಸಿಗೆ ತಳ್ಳಾಕೆ ಆಗ್ಲಿಲ್ಲ," ಎಂದು ಅವಳ ಕಂಠದಲ್ಲಿ ಕಡ್ಡಿಗಳನ್ನು ಬೈಯುತ್ತಿದ್ದವನು ತಿರುಗಿ ನೋಡಿ ಕಲ್ಲಾದ. ತೊಡೆಯ ಮೇಲೆ ಏಳನೇ ಗುಲಾಬಿ, ಇನ್ನೂ ಪ್ಲಾಸ್ಟಿಕ್ ಕವರಿನಲ್ಲಿತ್ತು.

ಅವಳು ಕಡ್ಡಿಗಳನ್ನು ಒಂದೊಂದಾಗಿ ಎಣಿಸಿದಳು. "ನಂದು ಯಾವುದು?"

ಅವನು ಮೊದಲನೆಯದನ್ನು ತೋರಿಸಿದ.

"ಯಾಕೆ ಹೇಳ್ಲಿಲ್ಲ?"

ಊರಲ್ಲಿ ಯಾರ ದನಿ ಬೇಕಾದರೂ ತೆಗೆಯುತ್ತಿದ್ದವನು ಈ ಸಲ ತನ್ನದೇ ದನಿಯಲ್ಲಿ ಹೇಳಿದ: "ಹೇಳಿದ್ರೆ ನೀವು ಹೋಗ್ತಿದ್ರಿ."

ಬಚ್ಚಲ ಬಾಗಿಲಲ್ಲಿ ಭೀಮಕ್ಕ ಕಿಸಕ್ಕನೆ ನಕ್ಕು, ಮಗನ ಟವೆಲ್ ಪುರಾಣವನ್ನೆಲ್ಲ ಒದರಿಬಿಟ್ಟಳು. ಕೆಂಚೇಶನೂ ಪೆಚ್ಚಾಗಿ ಹಲ್ಲು ಬಿಟ್ಟ. ಸಂಧ್ಯಾರಾಣಿ ನಗಲಿಲ್ಲ.

"ಬ್ಯಾಂಕಿನಾಗೆಲ್ಲ ನನ್ನ ಕೈಗುಣ ಅಂತ ಸಾರಿಕೊಂಡು ಬಂದೀನ್ರೀ. ಮ್ಯಾನೇಜರ್ ಹೆಂಡ್ತಿಗೆ ಗುಲಾಬಿ ಬೆಳೆಸೋದು ಹೆಂಗೆ ಅಂತ ಪಾಠ ಬೇರೆ ಮಾಡೀನಿ."

"ಮತ್ತೆ... ಟ್ರಾನ್ಸ್‌ಫರ್ ಅರ್ಜಿ?"

ಅವಳು ಅವನ ತೊಡೆಯಿಂದ ಗುಲಾಬಿಯನ್ನು ಎತ್ತಿಕೊಂಡಳು. "ಹೆಂಗೆ ಬರೀಲಿ? ನನ್ನ ಗಿಡ ಇನ್ನೂ ಜೀವಂತ ಐತಲ್ಲ."

ಹೇಳುತ್ತಲೇ ತುಟಿ ಅದುರಿತು. ನಿತ್ಯಪುಷ್ಪದ ಮಡಿಯ ಅಂಚಿನಲ್ಲಿ, ಸುಡುವ ನೆಲದಲ್ಲೇ ಕುಸಿದು ಕೂತು ನಕ್ಕಳು. ತಾಯಿ ಮಗ ಇಬ್ಬರೂ ನಗು ನಿಲ್ಲಿಸಿ ಅವಳನ್ನೇ ನೋಡುವಷ್ಟು ಜೋರಾಗಿ.