ಹಾಲುಕ್ಕಿದ ಪದ

"ಆ ಡಬ್ಬಿಯೊಳಗ ನಮ್ಮ ಅಮ್ಮಿ ದನಿ ಐತಿ. ತಗೀರಿ ಅದನ್ನ."

ಮುಂಡರಗಿ ಬಸ್ ಸ್ಟ್ಯಾಂಡಿನ ಎದುರಿನ ಮೊಬೈಲ್ ಅಂಗಡಿಯಲ್ಲಿ ಗಿರಾಕಿಯೊಬ್ಬಳು ಹೀಗೆ ಮಾತು ಶುರು ಮಾಡಿದ್ದು ಇಜಾಜನಿಗೆ ಅದೇ ಮೊದಲು. ತಲೆಯೆತ್ತಿ ನೋಡಿದ. ಡಂಬಳದ ಅಲ್ಫಿಯಾ, ಮನೆಯಲ್ಲೇ ಬಟ್ಟೆ ಹೊಲಿಯುವವಳು. ಮೂಗಿನ ತುದಿಯಲ್ಲೇ ಸಿಟ್ಟು... ಕಣ್ಣು ಮಾತ್ರ ಈಗಲೋ ಆಗಲೋ ತುಂಬಿ ಬರುವಂತಿತ್ತು.

ಅವಳು ಬೆರಳು ಮಾಡಿದ್ದು ಅವನ ಹಾರ್ಡ್ ಡಿಸ್ಕಿನತ್ತ. ಅಂಗೈಯಗಲದ ಕರಿ ಡಬ್ಬಿ, ಅದಕ್ಕೊಂದು ರಬ್ಬರ್ ಬ್ಯಾಂಡು. ಆಗಿನ್ನೂ ಹಳ್ಳಿಯ ಫೋನುಗಳಿಗೆ ನೆಟ್ ಸರಿಯಾಗಿ ಬಂದಿರಲಿಲ್ಲ. ಹಾಡು ಬೇಕಾದವರು ಮೆಮೊರಿ ಕಾರ್ಡ್ ಹಿಡಿದುಕೊಂಡು ಅಂಗಡಿಗೆ ಬರಬೇಕು, ಇಜಾಜ ಡಿಸ್ಕಿನಿಂದ ತುಂಬಿಕೊಡಬೇಕು.

ಭಜನೆ, ಗೀಗೀ ಪದ, ಮೊಹರಮ್ಮಿನ ರಿವಾಯತ, ಸಿನಿಮಾ ಹಾಡು ಎಲ್ಲ ಸೇರಿ ಹನ್ನೊಂದು ಸಾವಿರ ಇದ್ದವು. ಇಷ್ಟೊಂದು ಎಲ್ಲಿಂದ ಬಂದವು ಅಂತೀರಾ? ಗಿರಾಕಿಗಳ ಕಾರ್ಡಿನಿಂದಲೇ! ತನ್ನಲ್ಲಿ ಇಲ್ಲದ್ದೇನಾದರೂ ಕಂಡರೆ ಮೊದಲು ಡಿಸ್ಕಿಗೆ ಇಳಿಸಿಕೊಳ್ಳುವುದು, ಆಮೇಲೆ ಅವರು ಕೇಳಿದ್ದನ್ನು ತುಂಬುವುದು. ಆ ಧಂದೆಯ ರೂಢಿಯೇ ಹಾಗೆ. ಯಾರೂ ಅಪ್ಪಣೆ ಕೇಳುತ್ತಿರಲಿಲ್ಲ.

ಅಲ್ಫಿಯಾಳ ಕಾರ್ಡೂ ಹಾಗೇ ಒಮ್ಮೆ ಬಂದು ಹೋಗಿತ್ತು. ಅವಳ ಅಮ್ಮಿ ರಹಿಮತಬಿ ಬಾಣಂತನಕ್ಕೆ ಬಂದಿದ್ದ ಹಿರಿಮಗಳ ಕೂಸಿನ ತೊಟ್ಟಿಲು ತೂಗುತ್ತ ಹಾಡಿದ ಪದ ಅದರಲ್ಲಿತ್ತು. ಹಾಡು ನಡುವೆಯೇ ನಿಂತು, "ಅಲ್ಫಿಯಾ, ಹಾಲು ಉಕ್ಕಾಕತ್ತೈತಿ ನೋಡ" ಎಂದು ಕೂಗುವಲ್ಲಿಗೆ ಮುಗಿಯುತ್ತಿತ್ತು. ಇಜಾಜ ಅದಕ್ಕೆ 'ಹಾಲುಕ್ಕಿದ ಪದ' ಎಂದು ಹೆಸರಿಟ್ಟ. ಕೇಳಿದವರೆಲ್ಲ ತಮಗೂ ಬೇಕೆಂದರು, ಕೊಟ್ಟ.

ರಹಿಮತಬಿ ತೀರಿಹೋಗಿ ವರ್ಷವಾಗಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಹಿಂದಿನ ದಿನ ಉಳ್ಳಾಗಡ್ಡಿ ಹೇರಿಕೊಂಡ ಟ್ರ್ಯಾಕ್ಟರೊಂದು ಆ ಪದ ಹಾಕಿಕೊಂಡೇ ಅವರ ಮನೆ ಮುಂದೆ ಹಾದುಹೋಗಿತ್ತು. ಚಹಾ ಕುಡಿಯುತ್ತಿದ್ದ ಅಬ್ಬಾ ಶೇಖಸಾಬ ಕಪ್ಪು ಹಿಡಿದುಕೊಂಡೇ ಹೊಸ್ತಿಲಿಗೆ ಬಂದರು. ಟ್ರ್ಯಾಕ್ಟರ್ ಕೆರೆ ಏರಿ ದಾಟುವವರೆಗೂ ನಿಂತಿದ್ದು, ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದರು. ಅತ್ತರು. ಅಂದು ಊಟವನ್ನೂ ಮಾಡಲಿಲ್ಲ.

ಅಲ್ಫಿಯಾ ಇದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು. ಇಜಾಜ ವಾದ ಮಾಡಲಿಲ್ಲ. ತಪ್ಪಾಯಿತೆಂದ. ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿ, ಅವಳ ಕಣ್ಣೆದುರೇ ಪದವನ್ನು ಅಳಿಸಿದ. ಆದರೆ ಮಂದಿಯ ಕಾರ್ಡಿಗೆ ಹೋದದ್ದು ಇಲ್ಲಿ ಅಳಿಸಿದರೆ ಹೋಗುವುದಿಲ್ಲ ಎಂಬ ನಿಜವನ್ನೂ ಹೇಳಿಬಿಟ್ಟ.

"ಹಂಗಾರ ಊರೂರಿಗೆ ಹೋಗಿ ಅಳಿಸಿ ಬರ್ರಿ," ಎಂದು ಸರ್ರನೆ ಹೊರಟುಹೋದಳು.

ಸಿಟ್ಟಿನ ಮಾತು ಅದು. ಯಾರಾದರೂ ಅಲ್ಲಿಗೇ ಬಿಡುತ್ತಿದ್ದರು. ಈ ಪುಣ್ಯಾತ್ಮ ಬಿಡಲಿಲ್ಲ!

ಶುಕ್ರವಾರ ನಮಾಜು ಮುಗಿದ ಮೇಲೆ ಅಂಗಡಿಗೆ ಬೀಗ ಹಾಕಿ, ಆ ಪದ ಒಯ್ದವರನ್ನು ಹುಡುಕಿಕೊಂಡು ಗಾಡಿ ಹತ್ತಿದ. ವಾರವಾರವೂ ಅದೇ. ಹಮ್ಮಿಗಿ, ಅಂತೂರ ಬೆಂತೂರ, ಶಿರಹಟ್ಟಿ, ಲಕ್ಷ್ಮೇಶ್ವರ... ಒಂದು ಪದ ಅಳಿಸಿದವರಿಗೆ ಐದು ಹೊಸ ಹಾಡು ಕೊಟ್ಟ. ಬರುವಾಗ ಡಂಬಳದಲ್ಲಿ ಗಾಡಿ ನಿಲ್ಲಿಸಿ, ಅಂದು ಎಷ್ಟು ಮಂದಿಯ ಫೋನಿನಿಂದ ತೆಗೆಸಿದೆನೆಂದು ಹೊರಗಿನಿಂದಲೇ ಹೇಳಿಹೋಗುತ್ತಿದ್ದ. ಅಲ್ಫಿಯಾ ಹೊಲಿಗೆ ಮಷಿನ್ನಿನಿಂದ ತಲೆ ಎತ್ತದೆ "ಹೂಂ" ಅನ್ನುತ್ತಿದ್ದಳು. ಶೇಖಸಾಬರು ಹೊಸ್ತಿಲಲ್ಲಿ ಕುಳಿತು ಸುಮ್ಮನೆ ಕೇಳುತ್ತಿದ್ದರು.

ನಾಲ್ಕನೆಯ ಶುಕ್ರವಾರ ನೀರು ಕೊಟ್ಟಳು, ಆರನೆಯದಕ್ಕೆ ಚಹಾ. 'ಈ ಮನಷ್ಯಾಗ ಬ್ಯಾರೆ ಕೆಲಸ ಇಲ್ಲೇನು?' ಅಂದುಕೊಂಡರೂ ಶುಕ್ರವಾರ ಬಂತೆಂದರೆ ಅವಳ ಕಿವಿ ರಸ್ತೆಯ ಮೇಲೆಯೇ ಇರುತ್ತಿತ್ತು.

ಎಂಟನೆಯ ವಾರ ಅವಳ ಕಾರ್ಡ್ ಕೆಟ್ಟಿತು. ತೆಗೆದಳು, ದುಪಟ್ಟಾದಿಂದ ಒರೆಸಿದಳು, ಮತ್ತೆ ಹಾಕಿದಳು. ಏನೂ ಇಲ್ಲ... ಅಮ್ಮಿಯ ದನಿ ಇನ್ನೆಲ್ಲೂ ಉಳಿದಿಲ್ಲ. ಊರೂರಿಗೆ ಕಳಿಸಿ ಅಳಿಸಿ ಹಾಕಿಸಿದ್ದು ತಾನೇ. ಮಷಿನ್ನಿನ ಮೇಲೆ ತಲೆಯಿಟ್ಟು ಅತ್ತಳು.

ಶೇಖಸಾಬರು ವಿಷಯ ಕೇಳಿ ಹೊಸ್ತಿಲಿನಿಂದ ಎದ್ದು ಒಳಗೆ ಬಂದರು.

"ನಾ ಮೊದಲ ಹೇಳಬೇಕಿತ್ತ ಬೇಟಿ. ಆ ಟ್ರ್ಯಾಕ್ಟರ್ ಮತ್ತ ಬಂದೀತು ಅಂತ ದಿನಾ ಹೊಸ್ತಿಲದಾಗ ಕುಂಡ್ರತೀನಿ."

"ಅವತ್ತ ಅತ್ರಲ್ಲ ಅಬ್ಬಾ..."

"ಅತ್ತೆ. ಕೇಳಬಾರದು ಅಂದಿದ್ನೇನ? ನಿನಗ ತಡಕೊಳ್ಳಾಕ ಆಗವಲ್ದು ಅಂತ ತಿಳಕೊಂಡು ಬಾಯಿ ಮುಚ್ಚಿಕೊಂಡಿದ್ದೆ."

ಅಪ್ಪನ ಸಲುವಾಗಿ ಮಗಳು, ಮಗಳ ಸಲುವಾಗಿ ಅಪ್ಪ! ಇಬ್ಬರೂ ಸೇರಿ ಒಂದು ದನಿಯನ್ನು ಕಳೆದುಕೊಂಡಿದ್ದರು.

ಅಲ್ಫಿಯಾ ಮುಂದಿನ ಬಸ್ಸಿಗೇ ಮುಂಡರಗಿಗೆ ಬಂದಳು. ಇಜಾಜ ಅರ್ಧ ತಾಸು ಗುದ್ದಾಡಿದರೂ ಕಾರ್ಡ್ ತೆರೆಯಲಿಲ್ಲ. ಡಿಸ್ಕಿನಲ್ಲಿ ಅಳಿಸಿದ ಜಾಗದ ಮೇಲೆ ಆಗಲೇ ಬೇರೆ ಹಾಡು ತುಂಬಿಯಾಗಿತ್ತು. ಅವಳು ಸ್ಟೂಲಿನ ಮೇಲೆ ಕುಸಿದಳು.

"ನಿಮಗ ಎರಡು ಸುಳ್ಳು ಹೇಳೀನ್ರಿ," ಎಂದ ಅವನು, ನೆಲ ನೋಡುತ್ತ. "ಒಂದು ಈಗ ಹೇಳತೀನಿ. ಹಮ್ಮಿಗ್ಯಾಗ ಒಬ್ಬರು ಅಳಸಾಕ ಬಿಡಲಿಲ್ಲ."

ದೇವವ್ವ ಎಂಬ ಅಜ್ಜಿ. ಆ ದನಿ ಕೇಳದೆ ತನ್ನ ಮೊಮ್ಮಗ ಕಣ್ಣು ಮುಚ್ಚುವುದಿಲ್ಲ, ಬಂದ ದಾರಿ ಹಿಡಿ ಎಂದು ಗದರಿಸಿ ಕಳಿಸಿದ್ದಳಂತೆ. ಮೂರು ಸಲ ಹೋಗಿ, ಮೂರು ಸಲವೂ ಬೈಸಿಕೊಂಡು, ಹಮ್ಮಿಗಿಯದೆಲ್ಲ ಮುಗಿಯಿತೆಂದು ಡಂಬಳದಲ್ಲಿ ಸುಳ್ಳು ಹೇಳಿದ್ದ.

ಮರುದಿನ ಮುಂಜಾನೆ ಶೇಖಸಾಬರನ್ನೂ ಕರೆದುಕೊಂಡು ಮೂವರೂ ಹಮ್ಮಿಗಿಗೆ ಹೋದರು. ಇಜಾಜನನ್ನು ಕಂಡದ್ದೇ ದೇವವ್ವ ಫೋನನ್ನು ಸೆರಗಿನಲ್ಲಿ ಬಚ್ಚಿಟ್ಟಳು. ಬಂದವರು ಯಾರೆಂದು ತಿಳಿದ ಮೇಲೆ ಒಳಗಿನಿಂದ ಚಾಪೆ ತಂದು ಹಾಸಿ, ಪದ ಹಚ್ಚಿದಳು.

ರಹಿಮತಬಿ ಹಾಡಿದಳು. ದೇವವ್ವನ ತೊಟ್ಟಿಲು ತೂಗಿತು. ಶೇಖಸಾಬರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೇಳಿದರು. ಕೊನೆಗೆ "ಅಲ್ಫಿಯಾ, ಹಾಲು ಉಕ್ಕಾಕತ್ತೈತಿ ನೋಡ" ಎಂದದ್ದೇ ಅಲ್ಫಿಯಾ ತನಗರಿವಿಲ್ಲದೆ ಅರ್ಧ ಎದ್ದು ನಿಂತಿದ್ದಳು.

ಅಂಗಳದಲ್ಲಿ ಇಜಾಜ ಲ್ಯಾಪ್‌ಟಾಪ್ ತೆರೆದು ಕುಳಿತು, ದೇವವ್ವನ ಕಾರ್ಡಿನಿಂದ ಪದ ಇಳಿಸಿಕೊಂಡು ಕಾರ್ಡ್ ಮರಳಿಸಿದ. ಜೊತೆಗೆ ಹೊಸದೊಂದು ಡಿಸ್ಕ್ ತಂದಿದ್ದ. ಅವಳು ಬಂದು ಪಕ್ಕದಲ್ಲಿ ನಿಂತಳು.

"ಏನಂತ ಹೆಸರು ಬರೀಲ್ರಿ?"

"ರಹಿಮತಬಿ, ಡಂಬಳ ಅಂತ ಬರೀರಿ. ಕೇಳಿದವರಿಗೆ ಕೊಡ್ರಿ." ತಡೆದು ಕೇಳಿದಳು, "ಎರಡನೇ ಸುಳ್ಳು?"

"ಅಳಸೂದು ಐದನೇ ವಾರಕ್ಕ ಮುಗದಿತ್ರಿ. ನಿಮ್ಮ ಮನಿಗೆ ಬರೂದು ಬಿಡಾಕ ಆಗಲಿಲ್ಲ."

ಅಲ್ಫಿಯಾ ಮನಸ್ಸಿನಲ್ಲೇ ವಾರ ಎಣಿಸಿದಳು. ಚಹಾ ಕೊಟ್ಟದ್ದು ಆರನೆಯ ವಾರ! ಏನೂ ಆಗದವಳಂತೆ ದುಪಟ್ಟಾ ಸರಿಮಾಡಿಕೊಂಡಳು.

ಇಜಾಜ ಹೊಸ ಡಿಸ್ಕನ್ನು ಅವಳತ್ತ ಚಾಚಿದ. "ಒಂದ ಕಡಿ ಇಟ್ರ ಇಂಥಾದ್ದು ಆಗೂದ್ರಿ. ಎರಡು ಡಿಸ್ಕಿನ್ಯಾಗ ಹಾಕೀನಿ. ಒಂದು ನಿಮ್ಮ ಮನ್ಯಾಗ ಇರಲಿ, ಒಂದು ನಮ್ಮ ಮನ್ಯಾಗ."

"ಡಿಸ್ಕ್ ಎರಡು ಇರಲಿ," ಎಂದಳು ಅವಳು ಮೆಲ್ಲಗೆ. "ಮನಿ ಎರಡು ಯಾಕ?"

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ತಟ್ಟನೆ ಎದ್ದು ನಿಂತ.

"ಈಗ ಅಬ್ಬಾರನ್ನ ಕೇಳಲೇನು?"

ಒಳಗೆ ಶೇಖಸಾಬರು ದೇವವ್ವನಿಗೆ ಹೇಳಿ ಅದನ್ನೇ ಮತ್ತೊಮ್ಮೆ ಹಚ್ಚಿಸಿದ್ದರು.

"ಕೇಳ್ರಿ," ಎಂದಳು ಅಲ್ಫಿಯಾ. "ಪದ ಮುಗೀಲಿ, ತಡೀರಿ."