ಹರಳು ಒಡೆದ ರವಿವಾರ

ಸೋಮವಾರ ಬೆಳಿಗ್ಗೆ ಪ್ರಯೋಗಾಲಯದ ತಂಪು ಪೆಟ್ಟಿಗೆ ತೆರೆದಾಗ ಹರಳು ಎರಡು ಹೋಳಾಗಿತ್ತು. ಕಡಲೆಕಾಳಿನಷ್ಟು ಕಪ್ಪು ಹರಳು. ಜತ್ತದ ಆ ಕಾಲೇಜಿಗೆ ಅದು ಬರಲು ಎರಡು ವರ್ಷ ಹಿಡಿದಿತ್ತು.

"ಕಸಾ ಹೊಡಿಯೂವಾಗ ಕೆಡವಿದಿ. ನಾಳಿಂದ ಬರಬ್ಯಾಡ," ಎಂದರು ವಿಭಾಗದ ಮುಖ್ಯಸ್ಥ ಮಹಾಂತ ಸರ್.

ಸಂಗವ್ವ ಕಸಬರಿಗೆ ಹಿಡಿದೇ ನಿಂತಳು. ಹದಿನೇಳು ವರ್ಷದ ಕೆಲಸ. "ನಾ ಪೆಟಗಿ ಮುಟ್ಟಿಲ್ರಿ ಸರ."

"ಮತ್ತ ತಾನ ಒಡೀತೇನು?"

ಪಾಠ ಹೇಳುತ್ತ ಇಪ್ಪತ್ತೆರಡು ವರ್ಷ ಕಳೆದ ದಾಕ್ಷಾಯಣಿ ಇಂಥಲ್ಲಿ ಸುಮ್ಮನಿರುವುದನ್ನೂ ಕಲಿತಿದ್ದಳು. ಆದರೂ ಅಂದಳು, "ಸಂಜೀತನಕ ತಡೀರಿ."

ಹೋಳುಗಳನ್ನು ನೋಡಿದಳು. ಬಿದ್ದಿದ್ದರೆ ಮೂಲೆ ಮುಕ್ಕಾಗಬೇಕಿತ್ತು. ಆಗಿರಲಿಲ್ಲ. ನಲವತ್ತು ಡಿಗ್ರಿ ದಾಟಿದರೆ ಈ ಹರಳು ಕಾಂತಗುಣ ಕಳೆದುಕೊಳ್ಳುತ್ತದೆ. ಒಳಗಿನ ಜೋಡಣೆಯೇ ಬದಲಾಗಿ, ಮೈ ಕುಗ್ಗಿ ಸೀಳುತ್ತದೆ. ಆ ಬಿಸಿ ಹತ್ತಿರವಾದಂತೆ ಮೆತ್ತಗಾಗುತ್ತ, ಸಡಿಲಿದ ತಂತಿಯ ಹಾಗೆ ಅದರ ದನಿ ಇಳಿಯುತ್ತದೆ. ಪೆಟ್ಟಿಗೆಯೊಳಗಿನ ಬ್ಯಾಟರಿಯ ಯಂತ್ರ ಹರಳನ್ನು ಮಿಡಿದು ಆ ದನಿಯನ್ನು ಬರೆದಿಡುತ್ತಿತ್ತು.

"ನಿನ್ನಿ ಎಷ್ಟಕ್ಕ ಬಂದಿದ್ದಿ, ಸಂಗವ್ವಾ?"

"ನಾಕಕ್ಕರಿ ಬಾಯಾರ. ಪೆಟಗಿ ಮ್ಯಾಲ ಏನೋ ಹೊದಿಸಿದ್ರು. ದೂರದಿಂದ ಕಸಾ ಹೊಡದು ಹೋದೆ."

"ನೀ?"

ಸಂಶೋಧನೆಯ ಹುಡುಗಿ ಕಾಜಲ್ ತಲೆ ಎತ್ತಲಿಲ್ಲ. "ಮಾಡಗ್ಯಾಳದಾಗಿದ್ದೆರಿ, ಮನ್ಯಾಗ. ದಿನಾಪೂರ್ತಿ."

ಸಂಜೆ ದಾಕ್ಷಾಯಣಿ ಯಂತ್ರ ಬರೆದ ಗೆರೆಯ ಕಾಗದವನ್ನು ಎಲ್ಲರ ಮುಂದೆ ಹರಡಿದಳು.

"ನಾವೆಲ್ಲಾ ಕೊನೀ ಅಷ್ಟ ನೋಡಿದ್ವಿ ಸರ. ನಡುವ ನೋಡ್ರಿ. ನಿನ್ನಿ ಹನ್ನೊಂದಕ್ಕ ಕರೆಂಟ್ ಹೋತು, ಸಂಜೀತನಕ ಬರಲಿಲ್ಲ. ಪೆಟಗಿ ಬಿಸಿಯಾಗಿ ದನಿ ಇಳೀತು. ಹನ್ನೊಂದೂವರಿಗೆ ಮತ್ತ ಏರೈತಿ — ಕರೆಂಟ್ ಇಲ್ದ ತಂಪು ಮಾಡಿದವರು ಯಾರು? ಒಂದರಿಂದ ಮತ್ತ ಇಳದು, ಮೂರೂವರಿಗೆ ನಿಂತೈತಿ. ಸಂಗವ್ವ ಬರೂದ್ರೊಳಗ ಒಡದಿತ್ತು."

"ಹಂಗಾರ ಯಾರು?"

"ಪೆಟಗಿ ಚಿಲಕದಾಗ ಕಂಬಳಿ ಉಣ್ಣಿಯ ಎಳಿ ಸಿಕ್ಕೈತಿ. ನೀರಿನ ಕೊಡಕ್ಕ ಹಸಿ ಕಂಬಳಿ ಸುತ್ತೂದು ಮಾಡಗ್ಯಾಳದ ಕುರಿ ಸಾಕವರ ಮನೀ ರೂಢಿ. ಹಸಿ ಇರೂತನಕ ತಂಪು. ಆರಿದ ಮ್ಯಾಲ ಅದ ಕಂಬಳಿ ಯಂತ್ರದ ಬಿಸಿ ಹೊರಗ ಬಿಡಂಗಿಲ್ಲ. ಇವತ್ತ ಮುಂಜಾನೆ ನೀ ಎಲ್ಲಾರಕಿಂತ ಮದಲ ಬಂದು ಅದನ್ನ ತಗದಿ. ಹೌದಲ್ಲ, ಕಾಜಲ್?"

ಕಾಜಲ್ ಕಾಗದದಲ್ಲಿ ಹನ್ನೊಂದೂವರೆಯ ಗೆರೆಯ ಮೇಲೆ ಬೆರಳಿಟ್ಟಳು.

"ನನ್ನ ನೋಡಾಕ ಗಂಡಿನವರು ಬಂದಿದ್ರರಿ ಮ್ಯಾಡಮ್. ಕಂಬಳಿ ಹೊದಸೂದ್ರಾಗ ಅಪ್ಪ ಇಲ್ಲಿಗೇ ಗಾಡಿ ತಂದು ನಿಂತ, ಒಂದ ತಾಸು ಅಂದ. ಸಂಜೀತನಕ ಕುಂದ್ರಿಸಿದ್ರು. ಹೇಳಿದ್ರ... ಹುಡಿಗ್ಯಾರ ಸಂಶೋಧನಾ ಲಗ್ನದತನಕ ಅಂತ ಸರ್ ಮತ್ತ ನಗತಿದ್ರು."

ಮಹಾಂತ ಸರ್ ನಗಲಿಲ್ಲ. ದಾಕ್ಷಾಯಣಿಗೆ ಸಿಟ್ಟು ಬರಬೇಕಿತ್ತು. ಬರೀ ದಣಿವು ಬಂತು. ಒಂದು ಕಾಲಕ್ಕೆ ತಾನೂ ಹಾಗೆ ಚಹಾದ ತಟ್ಟೆ ಹಿಡಿದು ಕುಳಿತಿದ್ದಳು, ಮನಸ್ಸನ್ನು ಇನ್ನೆಲ್ಲೋ ಬಿಟ್ಟು.

"ಅದು ತಿಳೀತು," ಎಂದಳು. "ಆದ್ರ ನಿನ್ನ ಜಾಗಾದಾಗ ಈಕಿನ್ನ ನಿಲ್ಲಿಸಿದಿ."

ಕಾಜಲ್ ಬಿಕ್ಕುತ್ತ ಸಂಗವ್ವನ ಕೈ ಹಿಡಿಯಹೋದಳು. ಸಂಗವ್ವ ಕೈ ಕೊಡಲಿಲ್ಲ.

"ಮದಲ ಸರ್ ಬಾಯಿಂದ ನಾಳಿ ಬಾ ಅಂತ ಹೇಳಸವ್ವಾ. ಅಳೂದು ಆಮ್ಯಾಲ."

"ಬಾ," ಎಂದರು ಮಹಾಂತ ಸರ್, ಕಾಗದದಿಂದ ಕಣ್ಣೆತ್ತದೆ.