ಲೋಪಾಚಾರ್ಯರ ಜಾಡಿಗಳು

ಬಹಳ ಹಿಂದೆ, ಈಗಿನ ಯಾವ ನಕ್ಷೆಯಲ್ಲೂ ಸಿಗದ ಕುಂದಣಗಡವೆಂಬ ರಾಜ್ಯದಲ್ಲಿ ಗಜವರ್ಮನೆಂಬ ದೊರೆಯಿದ್ದ. ಅವನಿಗೆ ಸಿಂಹಾಸನವಿತ್ತು, ಪಟ್ಟದಾನೆಯಿತ್ತು, ನಿದ್ದೆ ಮಾತ್ರ ಇರಲಿಲ್ಲ. ತಾನು ಮಾಡಿದ್ದೆಲ್ಲ ಮಲಗಿದ ಕೂಡಲೇ ನೆನಪಾಗುತ್ತಿತ್ತು.

ಆಗ ಆಸ್ಥಾನಕ್ಕೆ ಲೋಪಾಚಾರ್ಯರು ಬಂದರು. ಅವರು ಮಾಂತ್ರಿಕರು, ಜೊತೆಗೆ ವ್ಯಾಕರಣ ಪಂಡಿತರು. ಎರಡೂ ಒಬ್ಬರಲ್ಲೇ ಇದ್ದರೆ ಊರಿಗೆ ಒಳ್ಳೆಯದಲ್ಲ.

"ಮಹಾಪ್ರಭು, ಇವತ್ತು ಏನು ಮಾಡಿದಿರಿ?"

"ಮಾವುತನನ್ನು ಗಡೀಪಾರು ಮಾಡಿದೆ."

"ಹಾಗನ್ನಬಾರದು. 'ಮಾವುತನು ಗಡೀಪಾರು ಮಾಡಲ್ಪಟ್ಟನು' ಅನ್ನಿ."

ದೊರೆ ಹಾಗೇ ಅಂದ. "ಆದರೆ ಯಾರಿಂದ?" ಎಂದು ಕೇಳಿದ.

"ಅದು ವಾಕ್ಯಕ್ಕೆ ಬೇಕಾಗಿಲ್ಲ. ಅದನ್ನು ನನಗೆ ಕೊಟ್ಟುಬಿಡಿ."

ಆಚಾರ್ಯರು ಒಂದು ಜಾಡಿಯ ಬಾಯಿ ತೆರೆದು ಹಿಡಿದರು. ದೊರೆಯ ಹೆಸರು ಕಡಲೆಕಾಳಿನ ಹಾಗೆ ಟಣ್ಣೆಂದು ಒಳಗೆ ಬಿತ್ತು. ಮರುದಿನ ದೊರೆ ಎದ್ದಾಗ ಮಧ್ಯಾಹ್ನವಾಗಿತ್ತು.

ಸುದ್ದಿ ಹರಡಿತು. ಆಚಾರ್ಯರ ಮನೆಯ ಮುಂದೆ ಸಾಲು ಬೆಳೆಯಿತು. ಜನ ವಾಕ್ಯ ತರುತ್ತಿದ್ದರು, ಆಚಾರ್ಯರು ಅದನ್ನು ತಿರುಗಿಸಿ ಕೊಡುತ್ತಿದ್ದರು, ಮಾಡಿದವರ ಹೆಸರು ಜಾಡಿಗೆ ಬೀಳುತ್ತಿತ್ತು. ಅತ್ತೆಗೆ ಬೈದ ಸೊಸೆ, ಸೊಸೆಗೆ ಬೈದ ಅತ್ತೆ, ಹಾಲಿಗೆ ನೀರು ಹಾಕಿದ ಗೌಳಿಗ, ಎಲ್ಲರೂ ಹಗುರಾಗಿ ಮನೆಗೆ ಹೋದರು.

ಒಂದೇ ತೊಡಕು. ಮಾಡಿದವರಿಲ್ಲದ ಕೆಲಸವನ್ನು ಬಿಡಿಸುವವರೂ ಇರುವುದಿಲ್ಲ. ಬೀಗ ಹಾಕಲ್ಪಟ್ಟ ಬಾಗಿಲುಗಳು ತೆರೆಯಲಿಲ್ಲ. ಮುಚ್ಚಲ್ಪಟ್ಟ ಬಾವಿಗಳು ಮುಚ್ಚಿಯೇ ಉಳಿದವು. ಯಾರಾದರೂ ಬಾಯಿ ಬಿಟ್ಟು "ನಾನು ಮಾಡಿದೆ" ಅಂದರೆ ಸಾಕಿತ್ತು. ಆದರೆ ಹಾಗೆ ಅಂದವರ ಮುಂದೆ ಆಚಾರ್ಯರ ಹುಲಿ ಬಂದು ನಿಲ್ಲುತ್ತಿತ್ತು. ಅದು ತಿಂದದ್ದನ್ನು ಕಂಡವರು ಯಾರೂ ಇರಲಿಲ್ಲ. 'ತಿನ್ನಲ್ಪಟ್ಟರಂತೆ' ಎಂದು ಕೇಳಿದವರು ಬೇಕಾದಷ್ಟು ಜನ ಇದ್ದರು.

ಹೀಗಿರುವಾಗ ಹೊಳೆಯ ಸೇತುವೆ ಮುರಿಯಿತು. 'ಸೇತುವೆಯು ಮುರಿಯಲ್ಪಟ್ಟಿದೆ' ಎಂದು ಡಂಗುರ ಸಾರಿದರು. ಅಂಬಿಗರ ಸಣ್ಣೀರ ಎಂಬವನು ಸಂತೆಯಲ್ಲಿ ನಿಂತು, "ಅದರ ಮೇಲೆ ಪಟ್ಟದಾನೆ ಹತ್ತಿಸಿದ್ದು ದೊರೆ. ನಾನು ಕಣ್ಣಾರೆ ನೋಡಿದೀನಿ," ಅಂದುಬಿಟ್ಟ. ಅಂದು ಬಿದಿರು ಮೆಳೆಯಲ್ಲಿ ಅಡಗಿ ಕೂತ. ಅಡಗಿದ ಜಾಗ ಹೇಗೋ ತಿಳಿಯಲ್ಪಟ್ಟಿತು. ಸಂಜೆಯೊಳಗೆ ಅವನು ಹೊಳೆದಂಡೆಯಲ್ಲಿ ಕಲ್ಲುಕಂಬವಾಗಿಸಲ್ಪಟ್ಟಿದ್ದ.

ಕಂಬ ದಿನಕ್ಕೆ ನಾಲ್ಕು ಬೆರಳಿನಷ್ಟು ಕೆಸರಿಗೆ ಇಳಿಯುತ್ತಿತ್ತು. ಅಗೆದರೆ ಇನ್ನೂ ಬೇಗ ಇಳಿಯುತ್ತಿತ್ತು. ಹದಿನೈದನೇ ದಿನ ಕೆಸರು ಎದೆಗೆ ಬಂದಿತ್ತು. ತಲೆ ಮುಳುಗಿದರೆ ಕಂಬವೂ ಇಲ್ಲ, ಸಣ್ಣೀರನೂ ಇಲ್ಲ.

ಅವನ ತಂಗಿ ಕೆಂಚವ್ವ ದೋಣಿಯನ್ನು ದಂಡೆಯಲ್ಲೇ ಬಿಟ್ಟು ಹೊರಟಳು. ಈಚೆಗೊಮ್ಮೆ ಅವಳೂ ಆಚಾರ್ಯರ ಸಾಲಿನಲ್ಲಿ ನಿಂತದ್ದುಂಟು, ಏನೋ ಒಂದು ಸಣ್ಣ ವಾಕ್ಯಕ್ಕೆ. ಅದರ ಮಾತು ಅವಳು ಎತ್ತಲಿಲ್ಲ.

ಮೊದಲು ಕೋಟೆ ಬಾಗಿಲಿಗೆ ಹೋದಳು. ಅಲ್ಲಿ ಕಾವಲುಗಾರ ಬಸವಂತನಿದ್ದ.

"ಕಾವಲಣ್ಣ, ನಮ್ಮಣ್ಣನ್ನ ಹಿಡಿದದ್ದು ಯಾರು?"

"ಹಿಡಿಯಲ್ಪಟ್ಟ, ತಂಗ್ಯವ್ವ."

"ಯಾರ ಕೈಯಿಂದ?"

ಬಸವಂತ ತನ್ನ ಬಲಗೈ ನೋಡಿಕೊಂಡ. "ಅವತ್ತಿಂದ ಈ ಕೈ ಮರಗಟ್ಟಿದೆ ಕಣವ್ವ. ಮುದ್ದೆ ಮುರಿಯೋಕಾಗಲ್ಲ. ಹೆಂಡತಿ ತಿನ್ನಿಸ್ತಾಳೆ, ನೆರೆಯವರು ನಗ್ತಾರೆ." ಈಟಿಯನ್ನು ಎಡಗೈಯಿಂದ ಗೋಡೆಗೆ ಒರಗಿಸಿ, "ಹಾಳಾಗಲಿ. ಹಿಡಿದದ್ದು ನಾನು," ಅಂದ.

ಹುಲಿ ಬಂತು. ಬಸವಂತ ಕಣ್ಣು ಮುಚ್ಚಿದ. ಹುಲಿ ಅವನನ್ನು ಮೂಸಿ, ಆಕಳಿಸಿ, ಅಲ್ಲೇ ನೆರಳಲ್ಲಿ ಮಲಗಿತು. ದೂರದಲ್ಲಿ ಒಂದು ಜಾಡಿ ಬಿರುಕುಬಿಟ್ಟ ಸದ್ದಾಯಿತು. ಬಸವಂತ ಬೆರಳು ಮಡಚಿದ, ಬಿಡಿಸಿದ, ಕೂತು ಅತ್ತ.

ಕೆಂಚವ್ವ ಹೊಳೆದಂಡೆಗೆ ಬಂದು ನೋಡಿದರೆ ಕಂಬಕ್ಕೆ ಮುಖ ಬಂದಿತ್ತು. "ಬೇಗ ಹೋಗೇ!" ಎಂದು ಕಂಬ ಕೂಗಿತು.

ಎರಡನೆಯದಾಗಿ ಕೆಂಚವ್ವ ಕರಣಿಕ ಸೂರಪ್ಪಯ್ಯನವರ ಬಳಿ ಹೋದಳು.

"ಅಯ್ಯನೋರೇ, ನಮ್ಮಣ್ಣನ್ನ ಕಂಬ ಮಾಡೋ ಆಜ್ಞೆ ಬರೆದದ್ದು ಯಾರು?"

"ಟಿಪ್ಪಣಿ ಮಂಡಿಸಲಾಗಿದೆ. ಪರಿಶೀಲಿಸಲಾಗಿದೆ. ಬರೆಯಲಾಗಿದೆ."

"ಬರೆದವರು ಒಪ್ಪಿಕೊಂಡರೆ ನಮ್ಮಣ್ಣ ಉಳೀತಾನೆ."

ಸೂರಪ್ಪಯ್ಯ ದನಿ ತಗ್ಗಿಸಿದರು. "ಹೀಗೆ ಒಪ್ಪಿಕೊಂಡದ್ದಕ್ಕೆ ಪೂರ್ವನಿದರ್ಶನ ಉಂಟೋ?"

"ಉಂಟು. ಕಾವಲುಗಾರ ಬಸವಂತಣ್ಣ."

"ಬದುಕಿದ್ದಾನೋ?"

"ಮುದ್ದೆ ತಿಂತಿದ್ದಾನೆ. ತನ್ನ ಕೈಯಿಂದಲೇ."

"ಹಾಗಾದರೆ ಅಡ್ಡಿಯಿಲ್ಲ," ಎಂದು ಸೂರಪ್ಪಯ್ಯ ಲೇಖನಿ ಕೆಳಗಿಟ್ಟರು. "ಬರೆದದ್ದು ನಾನೇ. ಎರಡು ಕಡೆ ಕಾಗುಣಿತವೂ ತಪ್ಪಿತ್ತು. ಅದೂ ನಾನೇ."

ಹುಲಿ ಬಂತು, ಮೂಸಿತು, ಹೋಯಿತು. ಕಂಬಕ್ಕೆ ಎರಡು ಕೈ ಬಂದವು. ಕೆಸರು ಹೆಗಲಿಗೆ ಬಂದಿತ್ತು.

ಮೂರನೆಯದಾಗಿ ಕೆಂಚವ್ವ ದೊರೆಯ ಮುಂದೆ ನಿಂತಳು. ಪಕ್ಕದಲ್ಲಿ ಲೋಪಾಚಾರ್ಯರೂ ಇದ್ದರು.

"ಬುದ್ಧಿ, ದೊಡ್ಡಕೆರೆ ಕಟ್ಟಿಸಿದ್ದು ಯಾರು?"

ದೊರೆಯ ಮುಖ ಸಪ್ಪಗಾಯಿತು. ಆ ಕೆರೆಗೆ ಅವನು ಏಳು ವರ್ಷ ಬಿಸಿಲಲ್ಲಿ ನಿಂತಿದ್ದ. ಈಗ ಜನ ಅದರ ನೀರು ಕುಡಿದು, 'ಕೆರೆ ಕಟ್ಟಿಸಲ್ಪಟ್ಟಿದೆ, ಚೆನ್ನಾಗಿದೆ' ಎನ್ನುತ್ತಿದ್ದರು. ಅವನ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಬರುವುದಾದರೂ ಹೇಗೆ, ಅದು ಜಾಡಿಯಲ್ಲಿತ್ತು.

"ಆಚಾರ್ಯರೇ," ಅಂದ ದೊರೆ, "ಕೆರೆಯ ಮಟ್ಟಿಗೆ ನಮ್ಮ ಹೆಸರು ವಾಪಸು ಕೊಡಿ."

"ಇರುವುದು ಒಂದೇ ಹೆಸರು, ಮಹಾಪ್ರಭು. ಕೆರೆ ಬೇಕೆಂದರೆ ಕಂಬವೂ ಬರುತ್ತದೆ, ಸೇತುವೆಯೂ ಬರುತ್ತದೆ, ಮಾವುತನೂ ಬರುತ್ತಾನೆ. ನಿದ್ದೆ ಹೋಗುತ್ತದೆ."

"ಮಾವುತ ಬಂದರೆ ಒಳ್ಳೇದೇ ಬುದ್ಧಿ," ಅಂದಳು ಕೆಂಚವ್ವ. "ಆನೆ ಸೇತುವೆ ಹತ್ತಿದ್ದು ಅವನಿಲ್ಲದ್ದಕ್ಕೆ."

ಸಭೆ ನಗು ತಡೆದುಕೊಂಡಿತು. ದೊರೆ ಬಹಳ ಹೊತ್ತು ಯೋಚಿಸಿದ. ಅವನು ದೊಡ್ಡ ಮನುಷ್ಯನೇನಲ್ಲ, ಆದರೆ ಕೆರೆ ದೊಡ್ಡದಿತ್ತು.

"ಆನೆ ಹತ್ತಿಸಿದ್ದು ನಾನು. ಅಂಬಿಗನನ್ನು ಕಂಬ ಮಾಡಿಸಿದ್ದೂ ನಾನು. ಕೆರೆಯೂ ನನ್ನದೇ, ಬರೆದುಕೊಳ್ಳಿ."

ಹುಲಿ ಬಂದು ಸಿಂಹಾಸನದ ಕೆಳಗೆ ಮಲಗಿತು. ಕೆಂಚವ್ವ ಹೊಳೆಗೆ ಓಡಿದಳು. ದೊರೆ, ಆಚಾರ್ಯರು, ಊರು, ಎಲ್ಲರೂ ಹಿಂದೆ ಓಡಿದರು.

ಸಣ್ಣೀರನಿಗೆ ಮೈಯೆಲ್ಲ ಬಂದಿತ್ತು, ಪಾದ ಎರಡು ಬಿಟ್ಟು. ಕಲ್ಲಿನ ಪಾದ ಈಗ ಅವನನ್ನು ಬೇಗಬೇಗ ಕೆಳಗೆ ಎಳೆಯುತ್ತಿತ್ತು. ಕೆಸರು ಗಲ್ಲ ಮುಟ್ಟಿತ್ತು.

"ಎಲ್ಲ ಒಪ್ಪಿಕೊಂಡೆವಲ್ಲ!" ಅಂದ ದೊರೆ.

"ಒಬ್ಬರು ಬಾಕಿ," ಎಂದು ಆಚಾರ್ಯರು ನಕ್ಕರು. ಅವರ ಕೈಯಲ್ಲಿ ಒಂದು ಪುಟ್ಟ ಜಾಡಿ ಇತ್ತು. "ಬಿದಿರು ಮೆಳೆಯ ಜಾಗ ತೋರಿಸಲ್ಪಟ್ಟಿತಲ್ಲ, ಅದು ಯಾರಿಂದ?"

ಕೆಂಚವ್ವ ಆ ಜಾಡಿ ನೋಡಿದಳು. ಇಡೀ ಊರು ನೋಡುತ್ತಿತ್ತು. ಅಣ್ಣನೂ ನೋಡುತ್ತಿದ್ದ. ಹುಲಿಯ ಭಯ ಅವಳಿಗಿರಲಿಲ್ಲ. ಹುಲಿಯಾದರೂ ಬರಬಾರದೇ ಅನ್ನಿಸಿತು.

ಕೆಸರು ಅಣ್ಣನ ತುಟಿಗೆ ಬಂತು.

"ನಾನು," ಅಂದಳು ಕೆಂಚವ್ವ. "ಭಟರು ಕತ್ತಿ ಹಿರಿದಿದ್ದರು. ಹೆದರಿದೆ. ಬೆರಳು ತೋರಿಸಿದೆ. ನಾನೇ, ಅಣ್ಣಾ."

ಪುಟ್ಟ ಜಾಡಿ ಒಡೆಯಿತು. ಅದರ ಹಿಂದೆ ಆಚಾರ್ಯರ ಮನೆಯ ಜಾಡಿಗಳೆಲ್ಲ ಒಡೆದವು. ಹೆಸರುಗಳು ಜೇನಿನಂತೆ ಗುಂಯ್‌ಗುಡುತ್ತ ಬಂದು ತಮ್ಮ ತಮ್ಮವರ ಬಾಯಿ ಹೊಕ್ಕವು. ಬೀಗಗಳು ತೆರೆದವು. ಬಾವಿಗಳು ಬಾಯಿ ಬಿಟ್ಟವು. ಲೋಪಾಚಾರ್ಯರು ಎಲ್ಲರಿಗಿಂತ ಮೊದಲು ತಮ್ಮ ಹೆಸರನ್ನೇ ಅಳಿಸಿಕೊಂಡಿದ್ದರು. ಇಷ್ಟು ದಿನ ಜಾಡಿಯಲ್ಲಿದ್ದ ಊರಿನವರ ಹೆಸರುಗಳ ಬಲದಿಂದ ನಿಂತಿದ್ದರು. ಈಗ ಅವರಿದ್ದ ಜಾಗದಲ್ಲಿ ಒಂದು ಮಡಿಪಂಚೆ ಬಿದ್ದಿತ್ತು. ಹುಲಿ ಅದರ ಮೇಲೆ ಮಲಗಿತು.

ಬಸವಂತ ತನ್ನ ಬಲಗೈಯಿಂದಲೇ ಸಣ್ಣೀರನನ್ನು ಎಳೆದು ದಂಡೆಗೆ ಹಾಕಿದ. ಕೆಂಚವ್ವ ಅಣ್ಣನ ಪಾದ ಮುಟ್ಟಿ ನೋಡಿದಳು. ಬೆಚ್ಚಗಿತ್ತು.

"ನೀನೇ ಅಂತ ಗೊತ್ತಿತ್ತು ಕಣೇ," ಅಂದ ಸಣ್ಣೀರ ಕೆಸರು ಉಗುಳಿ. "ಮೆಳೆಯೊಳಗಿಂದ ನಿನ್ನ ಬೆರಳು ಕಾಣ್ತಿತ್ತು. ನೀನು ಹೇಳ್ತೀಯೋ ಇಲ್ಲವೋ ಅಂತ ಕಾದದ್ದು." ಅವಳ ತಲೆಗೆ ಒಂದು ಮೊಟಕಿದ. ಆಮೇಲೆ ಸೊಂಟ ಹಿಡಿದುಕೊಂಡು ಸುತ್ತ ನೋಡಿದ. "ಅದಿರಲಿ. ಕಂಬ ಅಂತ ನನ್ನ ಸೊಂಟಕ್ಕೆ ದೋಣಿ ಕಟ್ಟಿದವರು ಯಾರು?"

ದಂಡೆಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಾನು," ಅಂದ ಒಬ್ಬ ಅಂಬಿಗ.

"ನಾನೂ ಎರಡು ಸಲ," ಅಂದ ಇನ್ನೊಬ್ಬ.

"ಒದ್ದೆ ಹಗ್ಗ ನನ್ನದು, ಸಣ್ಣೀರಣ್ಣ."

ದೊರೆ ಸೇತುವೆ ಕಟ್ಟಿಸಿದ, ಮಾವುತನನ್ನು ಕರೆಸಿದ, ಆಗಾಗ ನಿದ್ದೆಗೆಟ್ಟ. ಉಳಿದವರು ಬೈದರೆ ಬೈದೆವು ಎಂದರು, ಉಂಡರೆ ಉಂಡೆವು ಎಂದರು. ಕುಂದಣಗಡದಲ್ಲಿ ಎಲ್ಲರೂ ಸುಖವಾಗಿದ್ದರು. ಈ ಮಾತಿಗೆ ಯಾರು ಜವಾಬ್ದಾರಿ ಎಂದರೆ, ಹೇಳಿದ್ದು ನಾನು.